ಗಡಿಯಾರ ಹೊತ್ತ ಹಡಗೇ ದಾರಿ ತಪ್ಪಿತ್ತು

ಪ್ರಶ್ನೆ: ಸರ್, ಬ್ರಿಟಿಷರ ಸೆಂಚುರಿಯನ್ ಅನ್ನೋ ಯುದ್ಧನೌಕೆ ಬಗ್ಗೆ ಒಂದು ವಿಡಿಯೋ ನೋಡ್ದೆ. ನೌಕಾಪಡೆ ಅಧಿಕಾರಿ ಆನ್ಸನ್ ಜೊತೆ ಸ್ಪೇನ್ ಮೇಲೆ ದಾಳಿಗೆ ಅಂತ 1740ರಲ್ಲಿ ಹೊರಟವ್ರಲ್ಲಿ 188 ಜನ ಮಾತ್ರ ವಾಪಸ್ ಬಂದ್ರಂತೆ. ಉಳಿದೋರೆಲ್ಲ ಯುದ್ಧದಲ್ಲಿ ಸತ್ರಾ? ಹಡಗು ಕೊನೆಗೆ ಏನಾಯ್ತು?

ಉತ್ತರ: ಯುದ್ಧದಲ್ಲಿ ಸತ್ತವ್ರು ಬೆರಳೆಣಿಕೆ ಅಷ್ಟೇ. ಆ 188 ಅನ್ನೋದು ಸೆಂಚುರಿಯನ್‌ನಲ್ಲೇ ಕೂತು ಊರು ಸೇರಿದ ಹಳಬರ ಲೆಕ್ಕ. ಜೊತೆಗೆ ಹೊರಟಿದ್ದ ಸೆವರ್ನ್, ಪರ್ಲ್ ಅಂತ ಎರಡು ಹಡಗು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಹತ್ರಾನೇ ಸೋತು ವಾಪಸ್ ತಿರುಗಿದ್ವು, ಅದ್ರಲ್ಲಿದ್ದ ಕೆಲವ್ರೂ ಬದುಕಿದ್ರು. ಆದ್ರೂ ಹೊರಟಿದ್ದು ಸುಮಾರು 1,900 ಜನ, ಹೆಚ್ಚಿನವ್ರನ್ನ ತಿಂದಿದ್ದು ಸ್ಕರ್ವಿ (ವಿಟಮಿನ್ ಸಿ ಕೊರತೆಯ ರೋಗ) ಮತ್ತೆ ಹಡಗಿನ ಜ್ವರ.

ಹೊರಡೋವಾಗ್ಲೇ ಎಡವಟ್ಟಾಗಿತ್ತು ಬಿಡಿ. ಸೈನಿಕರು ಸಾಲದೆ ಲಂಡನ್ನಿನ ಚೆಲ್ಸಿ ಆಸ್ಪತ್ರೆಯಿಂದ (ನಿವೃತ್ತ ಸೈನಿಕರ ಆಶ್ರಯ) 500 ಜನ ಮುದುಕರನ್ನ ಕಳಿಸಿ ಅಂದ್ರು, ನಡೆಯೋ ಶಕ್ತಿ ಇದ್ದವ್ರೆಲ್ಲ ಓಡಿಹೋಗಿ ಕೈಲಾಗದ 259 ಜನ ಹಡಗು ಹತ್ತಿದ್ರು. ಸೆಂಚುರಿಯನ್‌ನಲ್ಲಿದ್ದ ಅಂಥ 50 ಜನರಲ್ಲಿ ಪೆಸಿಫಿಕ್‌ನ ಹುವಾನ್ ಫರ್ನಾಂಡಿಸ್ ದ್ವೀಪ ಮುಟ್ಟೋ ಹೊತ್ತಿಗೆ ಉಳಿದಿದ್ದು 4. ತಾಜಾ ತರಕಾರಿ, ಹಣ್ಣು ತಿಂಗಳುಗಟ್ಟಲೆ ಸಿಗದಿದ್ರೆ ವಿಟಮಿನ್ ಸಿ ಖಾಲಿಯಾಗಿ ಮೈಯ ಮಾಂಸ ಹಿಡಿದಿಡೋ ಅಂಟೇ ಸಡಿಲ ಆಗುತ್ತೆ, 1690ರಲ್ಲಿ ಐರ್ಲೆಂಡ್‌ನಲ್ಲಿ ನಡೆದ ಬಾಯ್ನ್ ಕದನದಲ್ಲಿ ಗಾಯ ಆಗಿದ್ದ ಒಬ್ಬನಿಗೆ ಐವತ್ತು ವರ್ಷದ ಮೇಲೆ ಅದೇ ಗಾಯ ಮತ್ತೆ ಬಾಯಿ ಬಿಡ್ತಂತೆ!

ಆದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಇನ್ನೊಂದು ವಿಷಯಕ್ಕೆ. 1732ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ನೀರಿಗಿಳಿದ 60 ಫಿರಂಗಿಯ ಈ ಹಡಗೇ 1736ರಲ್ಲಿ ಗಡಿಯಾರ ತಯಾರಕ ಜಾನ್ ಹ್ಯಾರಿಸನ್‌ನ ಮೊದಲ ಸಮುದ್ರ ಗಡಿಯಾರವನ್ನ ಪರೀಕ್ಷೆಗೆ ಅಂತ ಲಿಸ್ಬನ್‌ಗೆ ಹೊತ್ತುಕೊಂಡು ಹೋಗಿತ್ತು. ವಾಪಸ್ ಬರ್ತಾ ಆರ್ಫರ್ಡ್ ಅನ್ನೋ ಬೇರೆ ಹಡಗಲ್ಲಿ, ಎದುರು ಕಂಡ ನೆಲ ಇಂಗ್ಲೆಂಡಿನ ದಕ್ಷಿಣ ತೀರದ ಸ್ಟಾರ್ಟ್ ಅನ್ನೋ ಭೂಶಿರ ಅಂತ ಹಡಗಿನವ್ರು ಅಂದ್ರೆ, ಅಲ್ಲ, ಅದೇ ತೀರದ ಲಿಜರ್ಡ್ ಭೂಶಿರ ಅಂದ ಹ್ಯಾರಿಸನ್. ಅವನದೇ ಸರಿ ಇತ್ತು.

ಆನ್ಸನ್ ಹೊರಟಾಗ ಮಾತ್ರ ಆ ಗಡಿಯಾರ ಹಡಗಲ್ಲಿ ಇರ್ಲಿಲ್ಲ. ಅಕ್ಷಾಂಶ ಸೂರ್ಯನ್ನ ನೋಡಿ ಹೇಳಬಹುದು, ರೇಖಾಂಶಕ್ಕೆ, ಅಂದ್ರೆ ಪೂರ್ವ-ಪಶ್ಚಿಮಕ್ಕೆ ಎಷ್ಟು ದೂರ ಬಂದ್ವಿ ಅನ್ನೋದಕ್ಕೆ, ಹೊರಟ ಊರಿನ ಟೈಮ್ ಗೊತ್ತಿರ್ಬೇಕು, ಇಲ್ಲಾಂದ್ರೆ ಬರೀ ಅಂದಾಜು. 1741ರಲ್ಲಿ ಹಾರ್ನ್ ದಾಟಿ ತುಂಬ ಪಶ್ಚಿಮಕ್ಕೆ ಬಂದ್ವಿ ಅಂತ ಉತ್ತರಕ್ಕೆ ತಿರುಗಿದ್ರೆ ರಾತ್ರಿ ಎದುರಿಗೇ ಬಂಡೆ! ಆಮೇಲೆ ಹುವಾನ್ ಫರ್ನಾಂಡಿಸ್ ಹುಡುಕ್ತಾ, ಹತ್ರ ಬಂದಿದ್ರೂ ಅನುಮಾನ ಬಂದು ಪೂರ್ವಕ್ಕೆ ತಿರುಗಿ ಚಿಲಿ ದಡ ಕಂಡ ಮೇಲೆ ಮತ್ತೆ ಪಶ್ಚಿಮಕ್ಕೆ ಬಂದ್ರು, ಆ ಓಡಾಟದಲ್ಲೇ 70-80 ಜನ ಹೋದ್ರು.

ನಿಧಿಯ ಕಥೆ ವಿಡಿಯೋದಲ್ಲಿ ಬಂದಿರುತ್ತೆ: 1743ರ ಜೂನ್ 20ಕ್ಕೆ ಫಿಲಿಪ್ಪೀನ್ಸ್ ಹತ್ರ ಸ್ಪೇನಿನ ನಿಧಿ ಹಡಗು ಕೋವಾಡೊಂಗಾ ಕೈಗೆ ಸಿಕ್ತು, 13,13,843 ಬೆಳ್ಳಿ ನಾಣ್ಯ, 1744ರಲ್ಲಿ ಲಂಡನ್ ಬೀದೀಲಿ 32 ಗಾಡಿ ಮೆರವಣಿಗೆ.

ಆಮೇಲೂ ಹಡಗು ಸುಮ್ನೆ ಕೂರ್ಲಿಲ್ಲ. 50 ಫಿರಂಗಿಗೆ ಇಳಿಸಿದ್ರು, 1747ರಲ್ಲಿ ಫಿನಿಸ್ಟೆರ್, 1758ರಲ್ಲಿ ಲೂಯಿಬರ್ಗ್, ಮರುವರ್ಷ ಕ್ವೆಬೆಕ್, 1762ರಲ್ಲಿ ಹವಾನಾ, ಹೀಗೆ ಕದನದ ಮೇಲೆ ಕದನ. 1769ರಲ್ಲಿ ಬಿಚ್ಚಿಹಾಕಿದ್ರು. ಹ್ಯಾರಿಸನ್‌ನ ಗಡಿಯಾರ ಗ್ರೀನಿಚ್‌ನಲ್ಲಿದೆ, ಸುಮಾರು 34 ಕೆಜಿ, ಇನ್ನೂ ನಡೀತಿದೆ, ಆ ಕಡೆ ಹೋದ್ರೆ ಮರೀದೆ ನೋಡ್ಕೊಂಡು ಬನ್ನಿ.