‘ಅಮ್ಮಾ, ಸ್ವಲ್ಪ ಮುಂದೆ ಬನ್ನಿ!’

ಪ್ರಶ್ನೆ: ಮೈಸೂರಿನ ಅರಮನೆ ಹತ್ತಿರ ಟಾಂಗಾ ಹತ್ತಿದೆವು. ನಮ್ಮಮ್ಮ ಅದನ್ನು ಜಟಕಾ ಎಂದರು. ಎರಡೂ ಒಂದೇನಾ? ಹಿಂದೆಲ್ಲ ಗಾಡಿಯವರು ಕೂತವರನ್ನು ಹಿಂದೆ ಮುಂದೆ ಸರಿಸುತ್ತಲೇ ಇರುತ್ತಿದ್ದರಂತೆ. ಯಾಕೆ?
– ಓದುಗರೊಬ್ಬರು, ಹಾಸನ

ಉತ್ತರ: ಒಂದೇ ಅಲ್ಲ. ಎರಡಕ್ಕೂ ಎರಡು ಚಕ್ರ, ಒಂದು ಕುದುರೆ, ನಿಜ. ಆದರೆ ಜಟಕಾದಲ್ಲಿ ಸೀಟೇ ಇಲ್ಲ. ಹಲಗೆ ಮೇಲೆ ಹುಲ್ಲು ಹರಡಿ ಚಾಪೆ ಹಾಸಿರುತ್ತಿದ್ದರು. ಹಿಂದಿನಿಂದ ಹತ್ತಿ, ಬಾಗಿದ ಮುಚ್ಚಿಗೆ ಕೆಳಗೆ ಕಾಲು ಮಡಚಿ ಕೂರಬೇಕಿತ್ತು. ಟಾಂಗಾದಲ್ಲಿ ಸೀಟುಗಳಿವೆ, ಬೆನ್ನಿಗೆ ಬೆನ್ನು ಮಾಡಿ ಕೂರುತ್ತೇವೆ. ಹಿಂದೆ ಕೂತವರಿಗೆ ಕಾಣುವುದು ದಾಟಿ ಬಂದ ರಸ್ತೆ. ನಾಲ್ಕು ಚಕ್ರದ್ದಾದರೆ ಸಾರೋಟು.

ನಾನು ಚಿಕ್ಕವಳಿದ್ದಾಗ ಅಜ್ಜಿ ಜೊತೆ ರೈಲ್ವೆ ಸ್ಟೇಷನ್ನಿಂದ ಜಟಕಾದಲ್ಲೇ ಮನೆಗೆ ಬರುತ್ತಿದ್ದೆ. ದಾರಿಯಲ್ಲಿ ಒಂದು ಏರು. ಅಲ್ಲಿ ಗಾಡಿ ಹೊಡೆಯುವ ಸಾಹೇಬರು ತಪ್ಪದೆ ಕೂಗುತ್ತಿದ್ದರು, ‘ಅಮ್ಮಾ, ಸ್ವಲ್ಪ ಮುಂದೆ ಬನ್ನಿ!’ ಇಳಿಜಾರು ಬಂದರೆ ಹಿಂದೆ ಸರಿಯಬೇಕು. ಅಜ್ಜಿ ಟ್ರಂಕು ಎಳೆದುಕೊಂಡು ಸರಿಯುತ್ತಿದ್ದರು. ಸುಮ್ನೆ ಕಾಟ ಕೊಡುತ್ತಾರೆ ಅಂದುಕೊಳ್ಳುತ್ತಿದ್ದೆ.

ಅದು ಕುದುರೆಗಾಗಿ. ಎರಡು ಚಕ್ರದ ಗಾಡಿ ತಕ್ಕಡಿಯ ಹಾಗೆ. ಏರಿನಲ್ಲಿ ಭಾರ ಹಿಂದಕ್ಕೆ ಬೀಳುತ್ತದೆ, ಕುದುರೆಯನ್ನು ಕಟ್ಟುವ ಮುಂದಿನ ಮರ, ಅಂದರೆ ಮೂಕಿ, ಮೇಲೇಳುತ್ತದೆ, ಹೊಟ್ಟೆ ಕೆಳಗಿನ ಪಟ್ಟಿ ಕುದುರೆಯನ್ನೇ ಎತ್ತಲು ನೋಡುತ್ತದೆ. ಪಾಪ, ಕಾಲು ಊರಲಾಗದೆ ಅದು ಎಳೆಯುವುದು ಹೇಗೆ? ಇಳಿಜಾರಿನಲ್ಲಿ ಉಲ್ಟಾ, ಭಾರವೆಲ್ಲ ಅದರ ಬೆನ್ನಿನ ಮೇಲೆ. ಒಳ್ಳೆಯ ಗಾಡಿಯವರು ಮೂಕಿ ನೋಡಿಯೇ ಜನರನ್ನು ಕೂರಿಸುತ್ತಿದ್ದರು. ಆ ಲೆಕ್ಕ ಅವರಿಗೆ ಯಾರೂ ಬರೆದು ಕೊಟ್ಟಿದ್ದಲ್ಲ.

ಪ್ರಶ್ನೆ: ಇಷ್ಟು ಚೆನ್ನಾಗಿದ್ದ ಗಾಡಿಗಳು ಮಾಯವಾಗಿದ್ದು ಯಾಕೆ?
– ಇನ್ನೊಬ್ಬ ಓದುಗರು, ತುಮಕೂರು

ಉತ್ತರ: ಬಸ್ಸು, ಆಟೋ ಬಂದವು. ಮುಂಬೈಯಲ್ಲಂತೂ ಕುದುರೆಗಳ ಕಷ್ಟ ನೋಡಿ, ಮೋಜಿನ ವಿಕ್ಟೋರಿಯಾ ಗಾಡಿಗಳು ಕಾನೂನಿಗೆ ವಿರುದ್ಧ ಎಂದು 2015ರಲ್ಲಿ ಹೈಕೋರ್ಟೇ ಹೇಳಿತು. ಅದು ಸರಿ ಎಂದೇ ನನಗನಿಸುತ್ತದೆ. ಬಿಸಿ ಟಾರಿನ ಮೇಲೆ ಲಾಳ ಹೊಡೆದ ಕಾಲು ಜಾರುವುದನ್ನು ನೋಡಲಾಗುವುದಿಲ್ಲ.

ಆದರೆ ಗಾಡಿಯವರ ಕಷ್ಟವೂ ಕಡಿಮೆಯದಲ್ಲ. ನಿಂತ ಆಟೋ ಪೆಟ್ರೋಲ್ ಕುಡಿಯುವುದಿಲ್ಲ. ಕುದುರೆಗೆ ಬಾಡಿಗೆ ಸಿಗದ ದಿನವೂ ಹುರುಳಿ ಬೇಕು, ಹುಲ್ಲು ಬೇಕು. ಗೊರಸು ಉಗುರಿನ ಹಾಗೆ ಬೆಳೆಯುವುದರಿಂದ ಆಗಾಗ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಹೊಡೆಸಬೇಕು. ನಮ್ಮ ಬೀದಿಯ ಸಾಹೇಬರು ಸಂಜೆ ಅಂಗಡಿಗೆ ಬಂದರೆ ಮೊದಲು ಹುರುಳಿ ತೂಗಿಸುತ್ತಿದ್ದರು. ಮಿಕ್ಕಿದ ದುಡ್ಡು ಎಣಿಸಿಕೊಂಡು, ಆಮೇಲೆ ಮನೆಗೆ ಅಕ್ಕಿ ಕೇಳುತ್ತಿದ್ದರು.