ಬಾರ್ಜಿನ ಹಾಸಿಗೆ ಅಡಿ ಒದ್ದೆ: ತಳ ತೂತಾಗಿದೆಯಾ?

ಇಂಗ್ಲೆಂಡಿನ ಕಾಲುವೆಯಲ್ಲಿ ನೀವು ವಾಸವಿರುವ ಬಾರ್ಜಿನ (ಮನೆಯಂತಿರುವ ಉಕ್ಕಿನ ದೋಣಿ) ಫೋಟೋ ಕಳಿಸಿ, ತಳ ತೂತಾಗಿದೆಯಾ ಅಂತ ಕೇಳಿದ್ದೀರಿ. ತೂತಾಗಿರಲಿಕ್ಕಿಲ್ಲ. ಹಾಸಿಗೆ ಅಡಿ ಒದ್ದೆ, ಕಿಟಕಿಯಲ್ಲಿ ಹನಿ, ದಾವಣಗೆರೆಯಿಂದ ಒಯ್ದ ಮಂಡಕ್ಕಿ ಮೆತ್ತಗೆ. ಇದೆಲ್ಲ ಒಳಗಿನ ಹಬೆಯ ಕೆಲಸ, ನಮ್ಮ ಬಾರ್ಜಿನಲ್ಲೂ ಹೀಗೇ ಆಗುತ್ತಿತ್ತು. ಇಂಗ್ಲೆಂಡಿನ ಚಳಿಗೆ ಉಕ್ಕಿನ ಗೋಡೆ ತಣ್ಣಗಾಗುತ್ತದೆ. ಉಸಿರು, ಅನ್ನದ ಹಬೆ ಅಲ್ಲೇ ನೀರಾಗುತ್ತದೆ. ಕಾಲುವೆ ಮೇಲೆ ಬೆಳಗಾಗುವ ಸುಖಕ್ಕೆ ಇದೊಂದು ಬಾಡಿಗೆ ಅಲ್ವಾ!

ನೀವು ರಜೆಗೆ ಊರಿಗೆ ಬಂದಿದ್ದೀರಿ. ಬೋಟಿನಲ್ಲಿರುವ ಗೆಳೆಯನಿಗೆ ಫೋನ್ ಮಾಡಿ, ಮೊದಲು ನೆಲದ ಹಲಗೆ ಎತ್ತಿಸಿ. ನೀರಿದ್ದರೆ ಪೂರ್ತಿ ಒರೆಸಿ, ಮಾರನೇ ದಿನ ನೋಡಲಿ. ಮತ್ತೆ ಬಂದಿದ್ದರೆ ಕುಡಿಯುವ ನೀರಿನ ಪಂಪ್ ಆಫ್ ಮಾಡಿ ಇನ್ನೊಂದು ದಿನ ಕಾಯಲಿ. ಆಗ ನಿಂತರೆ ಪೈಪ್ ಸೋರುತ್ತಿರಬೇಕು. ನಿಲ್ಲದಿದ್ದರೆ ತಳದ ಮೇಲೆ ಅನುಮಾನ. ಬೋಟ್ ಮೇಲೆತ್ತಿಸಿ ಉಕ್ಕಿನ ದಪ್ಪ ಅಳೆಸಬೇಕು. ಮಳೆ ನೀರು ಕಿಟಕಿ ಸಂದಿಯಿಂದ ಇಳಿದಿರಲೂಬಹುದು, ಫೋಟೋದಲ್ಲಿ ಗೊತ್ತಾಗುತ್ತಿಲ್ಲ.

ತಳ ಒಣಗಿದ್ದರೆ ಹಾಸಿಗೆ ಕೆಳಗೆ ಮರದ ಪಟ್ಟಿ ಇಟ್ಟು ಗಾಳಿಯಾಡಲು ಬಿಡಿ. ಪಾತ್ರೆಗೆ ಮುಚ್ಚಳ ಇರಲಿ. ಚಿಮಣಿ ಇಲ್ಲದ ಗ್ಯಾಸ್ ಹೀಟರ್ ಬೇಡವೇ ಬೇಡ: 1 ಕೆಜಿ ಗ್ಯಾಸ್ ಉರಿದರೆ ಸುಮಾರು 1.6 ಕೆಜಿ ನೀರು ಹಬೆಯಾಗಿ ಒಳಗೇ ಸೇರುತ್ತದೆ. ಚಳಿ ಅಂತ ಗಾಳಿಕಿಂಡಿ ಮಾತ್ರ ಮುಚ್ಚಬಾರದು. ಒಲೆಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿದರೆ ವಾಸನೆಯೂ ಬರುವುದಿಲ್ಲ. ಅದರ ಅಲಾರಂ ಬಟನ್ ಇವತ್ತೇ ಒತ್ತಿ ನೋಡಲು ಹೇಳಿ.