ತರಬೇತಿ ಆಯ್ತು, ಪೆಟ್ಟಿಗೆ ತೆರೆದು ಏನು ನೋಡಬೇಕು?

ಪ್ರಶ್ನೆ: ಸರ್, ನಮ್ಮದು ಗದಗ ಹತ್ತಿರದ ಮುಳಗುಂದ. ಕುಸುಬೆ, ಸೂರ್ಯಕಾಂತಿ ಬೆಳೀತೀವಿ. ಜೇನು ಸಾಕಣೆ ತರಬೇತಿಗೆ ಹೋಗಿ ಬಂದೆ, ವಿಡಿಯೋನೂ ನೋಡಿದೆ. ಆದರೆ ಪೆಟ್ಟಿಗೆ ಮುಂದೆ ನಿಂತರೆ ಏನೂ ತಿಳಿಯಲ್ಲ. ಒಮ್ಮೆಲೇ ಹತ್ತು ಪೆಟ್ಟಿಗೆ ತಂದರೆ ಬೇಗ ಕಲೀಬಹುದಾ?

ಉತ್ತರ: ಹತ್ತು ಬೇಡ, ಎರಡು ತನ್ನಿ. ಒಂದೇ ಇದ್ದರೆ ಅದು ಚೆನ್ನಾಗಿದೆಯೋ ಸೊರಗಿದೆಯೋ ಹೋಲಿಸೋಕೆ ಇನ್ನೊಂದು ಇರಲ್ಲ. ಒಂದರ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆ ಇರುವ ಎರಿ (ಹುಳುಗಳು ಕಟ್ಟುವ ಮೇಣದ ಹಲ್ಲೆ) ತೆಗೆದು ಕೊಡಬಹುದು, ಆ ಹುಳುಗಳೇ ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡ ಜೇನು ತುಡುವೆಯಿಂದಲೇ ಶುರು ಮಾಡಿ, ಕುಸುಬೆ ಹೂ ಬಿಡುವ ಹೊತ್ತಿಗೆ ಪೆಟ್ಟಿಗೆ ಹೊಲದಲ್ಲಿರಲಿ.

ಬಿಸಿಲು ಬಿದ್ದ ಮೇಲೆ, ಒಂಬತ್ತು ಹತ್ತು ಗಂಟೆಗೆ ತೆರೆಯಿರಿ. ಆಗ ಜಾಸ್ತಿ ಹುಳು ಹೊರಗೆ ಹೂವಿನ ಮೇಲಿರುತ್ತವೆ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ. ಒಣ ಕುಳ್ಳಿನ ಹೊಗೆ ಸ್ವಲ್ಪ ಸಾಕು. ಎರಿ ಕಟ್ಟಿರುವ ಮರದ ಚೌಕಟ್ಟನ್ನು ನೆಟ್ಟಗೆ ಎತ್ತಿ, ಪೆಟ್ಟಿಗೆಯ ಮೇಲೆಯೇ ಹಿಡಿಯಿರಿ, ರಾಣಿ ಜಾರಿದರೂ ಒಳಗೇ ಬೀಳಲಿ. ಅಡ್ಡ ಮಲಗಿಸಿದರೆ ಹೊಸ ಎರಿ ಬಿಸಿಲಿಗೆ ಮೆತ್ತಗಾಗಿ ಮುರಿದೇ ಹೋಗುತ್ತದೆ.

ಈಗ ಸೂರ್ಯ ನಿಮ್ಮ ಬೆನ್ನಿಗಿರಲಿ, ಬೆಳಕು ಹೆಗಲ ಮೇಲಿಂದ ಎರಿಯ ಸಣ್ಣ ಗೂಡಿನ, ಅಂದರೆ ಕೋಶದ, ತಳಕ್ಕೆ ಬೀಳಬೇಕು. ಅಲ್ಲಿ ಬಿಳಿ ದಾರದ ಚೂರಿನ ಹಾಗೆ ಸಣ್ಣದೊಂದು ನಿಂತಿರುತ್ತದೆ, ಅದೇ ಮೊಟ್ಟೆ. ಮೊದಲ ದಿನ ನೆಟ್ಟಗೆ ನಿಂತಿರುತ್ತದೆ, ಮೂರನೇ ದಿನಕ್ಕೆ ಮಲಗುತ್ತದೆ, ಆಮೇಲೆ ಮರಿ. ಇದನ್ನು ಗುರುತಿಸೋಕೆ ಬಂತು ಅಂದರೆ ಅರ್ಧ ಕೆಲಸ ಕಲಿತ ಹಾಗೆ, ಯಾಕೆಂದರೆ ಮೊಟ್ಟೆ ಕಂಡರೆ ಕಳೆದ ಮೂರು ದಿನದೊಳಗೆ ರಾಣಿ ಅಲ್ಲಿ ಓಡಾಡಿದ್ದಾಳೆ ಅಂತಲೇ ಅರ್ಥ, ಅವಳನ್ನು ಹುಡುಕುತ್ತಾ ಸುಮ್ನೆ ಎಲ್ಲಾ ಚೌಕಟ್ಟು ಕೆದಕಬೇಕಾಗಿಲ್ಲ. ಒಂದೊಂದು ಕೋಶದಲ್ಲಿ ಎರಡು ಮೂರು ಮೊಟ್ಟೆ, ಅದೂ ಗೋಡೆಗೆ ಅಂಟಿಕೊಂಡು ಕಂಡರೆ ಮಾತ್ರ ರಾಣಿ ಹೋಗಿ ಬಹಳ ದಿನ ಆಗಿದೆ, ಕೆಲಸಗಾರ ಹುಳುಗಳೇ ಇಡುತ್ತಿವೆ ಅಂತ ತಿಳಿಯಿರಿ.

ಇದು ವಿಡಿಯೋದಲ್ಲಿ ಬರಲ್ಲ, ಕೈಯಲ್ಲಿ ಹಿಡಿದೇ ಬರಬೇಕು. ಮೊದಮೊದಲು ಜೇನು ಸಾಕುವ ಯಾರಾದರೂ ಪಕ್ಕದಲ್ಲಿರಲಿ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಇಲ್ಲವೇ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಿ ನೋಡಿ.

ಕುಟುಕಿದರೆ ಮುಳ್ಳನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ. ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಕಡೆ ನಿಜವಾದ ಕಷ್ಟ ಬೇಸಿಗೆ. ಹೂ ಮುಗಿದು, ನೀರಿಲ್ಲದೆ, ಬಿಸಿಲು ಏರಿದರೆ ತುಡುವೆ ಗೂಡು ಬಿಟ್ಟು ಹಾರಿಹೋಗುತ್ತದೆ. ಬೇವಿನ ನೆರಳಿಗೆ ಇಡಿ, ಹತ್ತಿರ ನೀರಿರಲಿ, ಸಂಜೆ ಪೆಟ್ಟಿಗೆಯೊಳಗೆ ಸಕ್ಕರೆ ಪಾಕ ಕೊಡಿ. ಮೊದಲ ವರ್ಷ ತುಪ್ಪದ ಆಸೆ ಬೇಡ, ಅದು ಅವುಗಳಿಗೇ ಇರಲಿ. ಪಕ್ಕದ ಹೊಲದವರಿಗೆ ಈಗಲೇ ಹೇಳಿಡಿ: ಔಷಧಿ ಹೊಡೆಯುವುದಿದ್ದರೆ ಹಿಂದಿನ ದಿನ ತಿಳಿಸಲಿ, ಹುಳು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಲಿ.